ಹಗುರ ಕ್ಯಾಮೆರಾ, ಗಟ್ಟಿ ಬ್ಯಾಕಪ್: ಪ್ರವಾಸದ ಫೋಟೋಗ್ರಫಿಗೆ ಕಿಟ್ ಕಟ್ಟುವ ಬಗೆ

ಪ್ರವಾಸಕ್ಕೆ ಹಗುರ ಕಿಟ್ ಬೇಕು ಅಂದಾಗ ಹೆಚ್ಚಿನವರ ಕಣ್ಣು ಮೊದಲು ಬೀಳುವುದು ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ತೂಕದ ಮೇಲೆ. ಬ್ಯಾಕಪ್ ಬೇಕು ಅಂದಾಗ ಮೊದಲು ನೆನಪಾಗುವುದು ಎರಡನೇ ಬಾಡಿ. ಎರಡೂ ಕಡೆ ಲೆಕ್ಕ ತಪ್ಪುತ್ತದೆ. ಭಾರ ಕೂತಿರುವುದು ಲೆನ್ಸ್‌ಗಳಲ್ಲಿ ಮತ್ತು ಬ್ಯಾಗಿನಲ್ಲಿ. ದಾರಿಯಲ್ಲಿ ಕೆಲಸ ನಿಲ್ಲಿಸುವುದು ಬಹುಮಟ್ಟಿಗೆ ಖಾಲಿಯಾದ ಬ್ಯಾಟರಿ, ಕೈಕೊಟ್ಟ ಕಾರ್ಡ್, ಮರೆತು ಬಂದ ಚಾರ್ಜರ್. ಬಾಡಿಯೇ ಕೆಡುವುದು ಅಪರೂಪ. ಹಾಗಾಗಿ ಪ್ರತಿ ವಸ್ತುವನ್ನು ಕೈಗೆತ್ತಿಕೊಂಡಾಗಲೂ ಕೇಳಿಕೊಳ್ಳಿ: ಇದು ಇಲ್ಲವಾದರೆ ಚಿತ್ರ ತೆಗೆಯುವುದು ನಿಲ್ಲುತ್ತದೆಯೇ, ಅಥವಾ ತೆಗೆದ ಚಿತ್ರ ಹೋಗುತ್ತದೆಯೇ? ಹೌದಾದರೆ ಅದು ಜೋಡಿಯಾಗಿರಲಿ. ಉಳಿದದ್ದರಲ್ಲಿ ಗ್ರಾಂ ಉಳಿಸಿ.

ಮೊದಲು ತೂಗಿ ನೋಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬಾಡಿ, ಲೆನ್ಸ್, ಬ್ಯಾಟರಿ, ಚಾರ್ಜರ್, ಕೇಬಲ್, ಬ್ಯಾಗ್ ಎಲ್ಲವನ್ನೂ ಒಂದೊಂದಾಗಿ ತೂಗಿ ಬರೆದುಕೊಳ್ಳಿ. ದಪ್ಪ ಪ್ಯಾಡಿಂಗ್ ಇರುವ ಕ್ಯಾಮೆರಾ ಬ್ಯಾಗು ಖಾಲಿ ಇದ್ದಾಗಲೇ ಒಂದೂವರೆ ಕಿಲೋ ತೂಗುವುದುಂಟು. ಅದರ ಬದಲು ಮಾಮೂಲಿ ಬೆನ್ನುಚೀಲದೊಳಗೆ ಇನ್ನೂರು ಗ್ರಾಮಿನ ಪ್ಯಾಡೆಡ್ ಇನ್ಸರ್ಟ್ ಇಟ್ಟರೆ, ಲೆನ್ಸ್ ಮುಟ್ಟದೆಯೇ ಒಂದು ಲೆನ್ಸಿನಷ್ಟು ಭಾರ ಇಳಿಯುತ್ತದೆ. ದಿನವಿಡೀ ನಡೆಯುವವರು ಹೆಗಲ ಮೇಲಿನ ಕ್ಯಾಮೆರಾ ಸಾಮಾನನ್ನು ಒಂದೂವರೆ ಕಿಲೋ ಒಳಗೆ ಹಿಡಿದರೆ ಒಳ್ಳೆಯದು. ಅದರ ಮೇಲೆ ಹೋದರೆ ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾ ಬ್ಯಾಗಿನೊಳಗೆ ಸೇರುತ್ತದೆ, ಹೊರಗೆ ಬರುವುದಿಲ್ಲ.

ಬಾಡಿಗಿಂತ ಲೆನ್ಸ್ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಸೋನಿ ಎ7ಸಿ 2 ಫುಲ್ ಫ್ರೇಮ್ ಬಾಡಿ, ಅಂದರೆ ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಚಿಪ್ಪು) ಇರುವಂಥದ್ದು, ಬ್ಯಾಟರಿ ಮತ್ತು ಕಾರ್ಡ್ ಸೇರಿ 514 ಗ್ರಾಂ. ಅದಕ್ಕೆ 24-70 ಮಿ.ಮೀ. ಎಫ್/2.8 (ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ಜಿ ಮಾಸ್ಟರ್ 2 ಲೆನ್ಸ್ ಹಾಕಿದರೆ 695 ಸೇರಿ 1,209 ಗ್ರಾಂ. ಅದೇ ಬಾಡಿಗೆ 28-60 ಎಫ್/4-5.6 ಪುಟ್ಟ ಜೂಮ್ ಹಾಕಿದರೆ 167 ಸೇರಿ 681 ಗ್ರಾಂ. ಫ್ಯೂಜಿಫಿಲ್ಮ್ ಎಕ್ಸ್-ಟಿ50 ಬಾಡಿಯ 438ಕ್ಕೆ 16-50 ಎಫ್/2.8-4.8 ಲೆನ್ಸಿನ 240 ಕೂಡಿದರೆ 678. ಓಎಂ ಸಿಸ್ಟಮ್‌ನ ಓಎಂ-5 ಬಾಡಿಯ 414ಕ್ಕೆ 12-45 ಎಫ್/4 ಪ್ರೊ ಲೆನ್ಸಿನ 254 ಕೂಡಿದರೆ 668. ಫುಲ್ ಫ್ರೇಮ್, ಎಪಿಎಸ್-ಸಿ, ಮೈಕ್ರೋ ಫೋರ್ ಥರ್ಡ್ಸ್ ಹೀಗೆ ಮೂರು ಬೇರೆ ಬೇರೆ ಅಳತೆಯ ಸೆನ್ಸರ್, ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಮಾಮೂಲಿ ಜೂಮ್ ಒಂದರಲ್ಲೇ ಕೆಲಸ ಮುಗಿಸುವವರಿಗೆ, ತೂಕಕ್ಕಾಗಿ ಸೆನ್ಸರ್ ಚಿಕ್ಕದು ಮಾಡಿಕೊಳ್ಳುವ ಅಗತ್ಯವೇ ಇಲ್ಲ.

ಚಿಕ್ಕ ಸೆನ್ಸರ್ ಗೆಲ್ಲುವುದು ಟೆಲಿ (ದೂರದ್ದನ್ನು ಹತ್ತಿರ ತರುವ ಲೆನ್ಸ್) ಕಡೆ. ಮೈಕ್ರೋ ಫೋರ್ ಥರ್ಡ್ಸ್‌ನ 40-150 ಎಫ್/4-5.6 ಲೆನ್ಸ್ ಕೇವಲ 190 ಗ್ರಾಂ. ಅದರ ನೋಟದ ವ್ಯಾಪ್ತಿ ಫುಲ್ ಫ್ರೇಮಿನ 80-300ಕ್ಕೆ ಸಮ. ಫುಲ್ ಫ್ರೇಮಿನಲ್ಲಿ ಅಷ್ಟು ದೂರ ಮುಟ್ಟುವ ಸೋನಿ 70-300 ಜಿ ಲೆನ್ಸ್ 854 ಗ್ರಾಂ. ಹಕ್ಕಿ, ದೂರದ ಬೆಟ್ಟದ ಸಾಲು, ಗೋಪುರದ ತುದಿಯ ಕೆತ್ತನೆ ಇವೆಲ್ಲ ಬೇಕೆನ್ನುವವರಿಗೆ ಇಲ್ಲಿ ಉಳಿಯುವುದು ಅರ್ಧ ಕಿಲೋಗಿಂತ ಹೆಚ್ಚು.

ಇದಕ್ಕೆ ಕೊಡುವ ಬೆಲೆಯೂ ಗೊತ್ತಿರಲಿ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಎಪಿಎಸ್-ಸಿ ಸುಮಾರು 23.5×15.6, ಮೈಕ್ರೋ ಫೋರ್ ಥರ್ಡ್ಸ್ 17.3×13, ಒಂದಿಂಚಿನದು ಎಂದು ಕರೆಯುವುದು 13.2×8.8. ಫುಲ್ ಫ್ರೇಮಿಗೆ ಹೋಲಿಸಿದರೆ ಮೈಕ್ರೋ ಫೋರ್ ಥರ್ಡ್ಸ್‌ಗೆ ಬೀಳುವ ಒಟ್ಟು ಬೆಳಕು ಕಾಲು ಭಾಗ, ಅಂದರೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ರಾತ್ರಿಯ ಬೀದಿಯಲ್ಲಿ, ಕತ್ತಲ ಒಳಾಂಗಣದಲ್ಲಿ ನಾಯ್ಸ್ (ಚುಕ್ಕೆಚುಕ್ಕೆ) ಆಗಿ ಅದು ಕಾಣುತ್ತದೆ. ಹಿನ್ನೆಲೆ ಮಸುಕಾಗಿಸುವುದರಲ್ಲೂ ಹಾಗೆಯೇ; ಅಲ್ಲಿನ ಎಫ್/2.8 ಫುಲ್ ಫ್ರೇಮಿನ ಎಫ್/5.6ರಂತೆ. ಹಗಲಿನ ನಿಸರ್ಗ ದೃಶ್ಯಗಳಲ್ಲಿ ವ್ಯತ್ಯಾಸ ಹುಡುಕಿದರೂ ಸುಲಭಕ್ಕೆ ಸಿಗದು.

ಸಣ್ಣ ಬಾಡಿಯಲ್ಲಿ ಏನೇನು ಬಿಟ್ಟಿರುತ್ತಾರೆ

ಬಾಡಿ ಹಗುರ ಮಾಡಬೇಕಾದರೆ ತಯಾರಕರು ಏನನ್ನಾದರೂ ತೆಗೆಯಲೇಬೇಕು. ಕೊಳ್ಳುವ ಮುಂಚೆ ಏನು ತೆಗೆದಿದ್ದಾರೆ ಎಂದು ಹುಡುಕಿ. ಸಾಮಾನ್ಯವಾಗಿ ಮೊದಲು ಹೋಗುವುದು ಎರಡನೇ ಕಾರ್ಡ್ ಸ್ಲಾಟ್. ಎ7ಸಿ 2, ಎಕ್ಸ್-ಟಿ50, ಓಎಂ-5 ಮೂರಕ್ಕೂ ಸ್ಲಾಟ್ ಒಂದೇ. ನಂತರ ಹೋಗುವುದು ನೀರು ಮತ್ತು ಧೂಳಿನ ಸೀಲಿಂಗ್. ಓಎಂ-5ಕ್ಕೆ ಐಪಿ53 ದರ್ಜೆ ಇದೆ, ಎಕ್ಸ್-ಟಿ50ಕ್ಕೆ ಸೀಲಿಂಗ್ ಇಲ್ಲ. ಬಾಡಿಗೆ ಸೀಲಿಂಗ್ ಇದ್ದರೂ ಲೆನ್ಸಿಗೆ ಇಲ್ಲದಿದ್ದರೆ ನೀರು ಮೌಂಟಿನ (ಲೆನ್ಸ್ ಕೂರುವ ಜಾಗದ) ಸಂದಿಯಿಂದ ಒಳಗಿಳಿಯುತ್ತದೆ. ಎರಡಕ್ಕೂ ಇದ್ದರೆ ಮಾತ್ರ ಅದಕ್ಕೆ ಅರ್ಥ. ಬಾಡಿಯೊಳಗಿನ ಸ್ಟೆಬಿಲೈಸೇಶನ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಮೂರನೆಯದು. ಕ್ಯಾನನ್ ಆರ್50 ಬಾಡಿ 375 ಗ್ರಾಮಿಗೆ ಇಳಿದಿರುವುದರ ಹಿಂದೆ ಇದೂ ಇದೆ. ಸ್ಟೆಬಿಲೈಸೇಶನ್ ಇದ್ದರೆ ನಿಂತ ದೃಶ್ಯಗಳಿಗೆ ಟ್ರೈಪಾಡ್ ಬಿಟ್ಟು ಹೋಗಬಹುದು. ಹಾಗೆ ನೋಡಿದರೆ ಬಾಡಿಯಲ್ಲಿ ನೂರು ಗ್ರಾಂ ಹೆಚ್ಚಾದರೂ ಒಟ್ಟಿನಲ್ಲಿ ಒಂದು ಕಿಲೋ ಉಳಿತಾಯ.

ಹಿಡಿತವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಚಪ್ಪಟೆ ಬಾಡಿಗೆ ಅರ್ಧ ಕಿಲೋ ಮೇಲಿನ ಲೆನ್ಸ್ ಹಾಕಿದರೆ ಮೂತಿ ಕೆಳಗೆ ಎಳೆಯುತ್ತದೆ, ಅರ್ಧ ಗಂಟೆಯಲ್ಲಿ ಬೆರಳು ನೋಯುತ್ತದೆ. ಹಗುರ ಬಾಡಿಯ ಜೊತೆ ಹಗುರ ಲೆನ್ಸೇ ಹೊಂದುವುದು.

ಲೆನ್ಸ್ ಬದಲಿಸಲಾಗದ ಕ್ಯಾಮೆರಾಗಳು ಇನ್ನೂ ಹಗುರ. ರಿಕೋ ಜಿಆರ್ 3 ಬ್ಯಾಟರಿ ಮತ್ತು ಕಾರ್ಡ್ ಸೇರಿ 257 ಗ್ರಾಂ, ಫುಲ್ ಫ್ರೇಮಿನ 28 ಮಿ.ಮೀ.ಗೆ ಸಮಾನವಾದ ಲೆನ್ಸ್, ಅಂಗಿಯ ಜೇಬಿಗೆ ಹೋಗುತ್ತದೆ. ಸೋನಿ ಆರ್‌ಎಕ್ಸ್100ರ ಏಳನೇ ಆವೃತ್ತಿ 302 ಗ್ರಾಂ, 24ರಿಂದ 200ರವರೆಗೆ ಜೂಮ್. ಫ್ಯೂಜಿಫಿಲ್ಮ್ ಎಕ್ಸ್100-6 ಮಾತ್ರ 521 ಗ್ರಾಂ; ಜೇಬಿನ ಕ್ಯಾಮೆರಾ ಅಲ್ಲ ಅದು. ಇಂಥವುಗಳಲ್ಲಿ ಹೊರಚಾಚುವ ಲೆನ್ಸ್ ಇದ್ದರೆ ಪ್ರತಿ ಸಲ ಚಾಚಿ ಮಡಚುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಸೆನ್ಸರ್ ಮೇಲೆ ಧೂಳು ಕೂತರೆ ಸರ್ವಿಸ್‌ಗೆ ಕೊಡದೆ ಒರೆಸಲಾಗುವುದಿಲ್ಲ. ಮರಳುಗಾಡು, ಸಮುದ್ರತೀರಕ್ಕೆ ಹೊರಟಿದ್ದರೆ ಇದೊಂದನ್ನೇ ಕ್ಯಾಮೆರಾ ಎಂದು ನಂಬಬೇಡಿ.

ಲೆನ್ಸ್ ಎರಡು ಸಾಕು: ಒಂದು ಜೂಮ್, ಒಂದು ಪುಟ್ಟ ಪ್ರೈಮ್ (ಜೂಮ್ ಆಗದ ಲೆನ್ಸ್). ಪ್ರೈಮ್ ರಾತ್ರಿಗೆ ಒದಗುತ್ತದೆ, ಜೂಮ್ ಬಿದ್ದು ಕೆಟ್ಟರೆ ಪ್ರವಾಸ ಮುಗಿಯುವವರೆಗೂ ಕೈ ಹಿಡಿಯುತ್ತದೆ. ಫ್ಯೂಜಿಯ 27 ಎಫ್/2.8 ಇರುವುದು 84 ಗ್ರಾಂ, ಪ್ಯಾನಾಸೋನಿಕ್ 20 ಎಫ್/1.7 ಇರುವುದು 87. ಎರಡನೇ ಬಾಡಿಗಿಂತ ಇದು ಎಷ್ಟೋ ಅಗ್ಗದ ಬ್ಯಾಕಪ್. ಒಂದೇ ಲೆನ್ಸಿನಲ್ಲಿ ಎಲ್ಲವೂ ಬೇಕೆಂದು 18-135ರಂಥದ್ದನ್ನು ಆರಿಸಿದರೂ ತಪ್ಪಿಲ್ಲ, ಆದರೆ ಟೆಲಿ ತುದಿಯಲ್ಲಿ ಎಫ್/5.6 ಮಾತ್ರ ಸಿಗುವುದರಿಂದ ಸಂಜೆಯ ನಂತರ ಪ್ರೈಮ್ ಬೇಕೇ ಬೇಕು.

ಬ್ಯಾಟರಿ ಮತ್ತು ಚಾರ್ಜಿಂಗ್

ಕ್ಯಾಮೆರಾ ವಿವರಪಟ್ಟಿಯಲ್ಲಿ ಬರೆಯುವ ಶಾಟ್ ಸಂಖ್ಯೆ ಸಿಪಾ (ಜಪಾನಿನ ಕ್ಯಾಮೆರಾ ತಯಾರಕರ ಸಂಘ) ಅಳತೆಯದ್ದು. ಜಿಆರ್ 3ಕ್ಕೆ ಸುಮಾರು 200, ಎ7ಸಿ 2ಕ್ಕೆ 500 ದಾಟಿದ ಅಂಕಿ. ಸರಸರನೆ ತೆಗೆದರೆ ಇದಕ್ಕಿಂತ ಹೆಚ್ಚು ಬರುತ್ತದೆ; ವಿಡಿಯೋ ಮಾಡಿದರೆ, ಪರದೆಯಲ್ಲಿ ಚಿತ್ರ ನೋಡುತ್ತಾ ಕೂತರೆ, ಫೋನಿಗೆ ವೈಫೈಯಲ್ಲಿ ಕಳಿಸಿದರೆ ಕಡಿಮೆಯಾಗುತ್ತದೆ. ಒಂದು ದಿನಕ್ಕೆ ಎಷ್ಟು ಬ್ಯಾಟರಿ ಖಾಲಿಯಾಗುತ್ತದೆಂದು ಮೊದಲೇ ನೋಡಿ, ಅದಕ್ಕೆ ಒಂದು ಸೇರಿಸಿ. ಸಣ್ಣ ಬ್ಯಾಟರಿ 50 ಗ್ರಾಂ ಆಸುಪಾಸು ಇರುತ್ತದೆ. ಈ ಇಡೀ ಕಿಟ್‌ನಲ್ಲಿ ತೂಕಕ್ಕೆ ತಕ್ಕ ಪ್ರಯೋಜನ ಇದಕ್ಕಿಂತ ಹೆಚ್ಚು ಕೊಡುವ ವಸ್ತು ಮೆಮೊರಿ ಕಾರ್ಡ್ ಒಂದೇ.

ಬೇರೆ ಕಂಪನಿಯ ಅಗ್ಗದ ಬ್ಯಾಟರಿಗಳಲ್ಲಿ ಕೆಲವು ಸ್ವಲ್ಪ ಕಾಲದಲ್ಲೇ ಉಬ್ಬುತ್ತವೆ. ಉಬ್ಬಿದ್ದು ಒಳಗೆ ಹೋಗುವಾಗ ಬಿಗಿಯಾಗಿ ಹೋಗಿ, ಬಿಸಿಯಾದ ಮೇಲೆ ಹೊರಗೆ ಬರುವುದೇ ಇಲ್ಲ. ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿ. ಬುಗುರಿಯಂತೆ ಸುತ್ತಿದರೆ ಅದನ್ನು ಬಿಟ್ಟುಬಿಡಿ. ಚಾರ್ಜ್ ಆದದ್ದಕ್ಕೂ ಖಾಲಿಯಾದದ್ದಕ್ಕೂ ಗುರುತು ಇರಲಿ: ತುಂಬಿದ್ದಕ್ಕೆ ಟರ್ಮಿನಲ್ ಮುಚ್ಚುವ ಪ್ಲಾಸ್ಟಿಕ್ ಟೊಪ್ಪಿ ಒಂದು ದಿಕ್ಕಿಗೆ, ಖಾಲಿಯಾದದ್ದಕ್ಕೆ ಇನ್ನೊಂದು ದಿಕ್ಕಿಗೆ. ಟೊಪ್ಪಿ ಇಲ್ಲದಿದ್ದರೆ ಟರ್ಮಿನಲ್ ಮೇಲೆ ಟೇಪ್ ಅಂಟಿಸಿ. ಜೇಬಿನಲ್ಲಿ ಬರಿಯ ಬ್ಯಾಟರಿ ನಾಣ್ಯ ಅಥವಾ ಬೀಗದ ಕೈಗೆ ತಾಗಿದರೆ ಶಾರ್ಟ್ ಆಗುತ್ತದೆ.

ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ಒಂದೊಂದಕ್ಕೆ ಮಿತಿ 100 ವ್ಯಾಟ್-ಅವರ್. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಲೆಕ್ಕ ಸುಲಭ: ಎಂಎಎಚ್ ಅನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20,000 ಎಂಎಎಚ್ ಪವರ್ ಬ್ಯಾಂಕ್ 3.7 ವೋಲ್ಟಿಗೆ 74 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ, ಬಿಸಿಯಾಗುವಾಗ ಮೂರನೇ ಒಂದು ಭಾಗದಷ್ಟು ಸೋರಿಹೋಗುತ್ತದೆ ಅಂದುಕೊಳ್ಳಿ. 16 ವ್ಯಾಟ್-ಅವರ್ ಕ್ಯಾಮೆರಾ ಬ್ಯಾಟರಿಯನ್ನು ಅದು ಮೂರು ಸಲ ತುಂಬಿಸೀತು. ಸಂಖ್ಯೆ ಅಳಿಸಿಹೋದ ಪವರ್ ಬ್ಯಾಂಕನ್ನು ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳಬಹುದು, ಮುದ್ರಣ ಸ್ಪಷ್ಟವಾಗಿರುವುದನ್ನೇ ಒಯ್ಯಿರಿ.

ಕ್ಯಾಮೆರಾ ಯುಎಸ್‌ಬಿ-ಸಿಯಿಂದಲೇ ಚಾರ್ಜ್ ಆಗುವುದಾದರೆ ಗೋಡೆಗೆ ಸಿಕ್ಕಿಸುವ ಪ್ರತ್ಯೇಕ ಚಾರ್ಜರ್ ಬಿಡಬಹುದು. ಆದರೆ ಕೆಲವು ಕ್ಯಾಮೆರಾಗಳು ಪವರ್ ಡೆಲಿವರಿ (ಹೆಚ್ಚು ವಿದ್ಯುತ್ ಕೊಡುವ ಯುಎಸ್‌ಬಿ ಕ್ರಮ) ಇರುವ ಅಡಾಪ್ಟರ್ ಹೊರತು ಬೇರೆಯದಕ್ಕೆ ಮಿಸುಕುವುದಿಲ್ಲ, ಓಎಂ-5ರ ಮೊದಲ ಆವೃತ್ತಿಗೆ ಹಳೆಯ ಮೈಕ್ರೋ ಯುಎಸ್‌ಬಿ ಕೇಬಲ್ಲೇ ಬೇಕು. ಹೊರಡುವ ಮುಂಚೆ ಒಯ್ಯುವ ಅಡಾಪ್ಟರ್, ಒಯ್ಯುವ ಕೇಬಲ್, ಒಯ್ಯುವ ಪವರ್ ಬ್ಯಾಂಕ್ ಇವನ್ನೇ ಬಳಸಿ ಒಮ್ಮೆ ಪೂರ್ತಿ ಚಾರ್ಜ್ ಮಾಡಿ ನೋಡಿ. ಕೇಬಲ್ ಎರಡಿರಲಿ.

ಚಳಿಯಲ್ಲಿ ಬ್ಯಾಟರಿ ಬೇಗ ಬತ್ತುತ್ತದೆ. ಬಿಡಿ ಬ್ಯಾಟರಿ ಒಳಜೇಬಿನಲ್ಲಿ ಮೈಶಾಖಕ್ಕೆ ಇರಲಿ. ಸತ್ತಂತೆ ಕಂಡದ್ದು ಬೆಚ್ಚಗಾದ ಮೇಲೆ ಇನ್ನಷ್ಟು ಚಿತ್ರ ಕೊಡುತ್ತದೆ.

ಕಾರ್ಡ್‌ಗಳು

ಒಂದು 512 ಜಿಬಿ ಕಾರ್ಡಿಗಿಂತ 128ರ ನಾಲ್ಕು ಕಾರ್ಡ್ ಒಯ್ಯುವುದು ಮೇಲು. ಒಂದು ಕೆಟ್ಟರೆ ಹೋಗುವುದು ಕೆಲವು ದಿನದ ಕೆಲಸ, ಇಡೀ ಪ್ರವಾಸವಲ್ಲ. ವೇಗದ ವಿಷಯದಲ್ಲಿ ಪೊಟ್ಟಣದ ಮೇಲಿನ ದೊಡ್ಡ ಅಂಕಿ ಓದುವ ವೇಗ. ಕ್ಯಾಮೆರಾಗೆ ಬೇಕಾದದ್ದು ಬರೆಯುವ ವೇಗ. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ, ವಿ60 ಎಂದರೆ 60, ವಿ90 ಎಂದರೆ 90. ಸ್ಥಿರಚಿತ್ರ ಮತ್ತು 100 ಮೆಗಾಬಿಟ್‌ನ 4ಕೆ ವಿಡಿಯೋಗೆ ಸೆಕೆಂಡಿಗೆ 12.5 ಎಂಬಿ ಸಾಕು, ಆದ್ದರಿಂದ ವಿ30 ಧಾರಾಳ. 400 ಮೆಗಾಬಿಟ್‌ ವಿಡಿಯೋ ಮಾಡುವವರಿಗೆ ಮಾತ್ರ ವಿ60 ಬೇಕು.

ನಕಲಿ ಕಾರ್ಡ್‌ಗಳ ಕಾಟ ಬಹಳ. 32 ಜಿಬಿ ಚಿಪ್ಪಿಗೆ 256 ಎಂದು ಸುಳ್ಳು ಹೇಳಿಸಿ ಮಾರುತ್ತಾರೆ. ಚಿಪ್ಪು ತುಂಬಿದ ಮೇಲೂ ಕಾರ್ಡ್ ದೂರದೆ ಬರೆದುಕೊಂಡಂತೆ ನಟಿಸುತ್ತದೆ, ಚಿತ್ರಗಳು ಮಾತ್ರ ಇರುವುದಿಲ್ಲ. ಹೊಸ ಕಾರ್ಡ್ ಬಂದ ಕೂಡಲೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶ ಓಡಿಸಿ ಪೂರ್ತಿ ತುಂಬಿಸಿ, ಓದಿಸಿ ನೋಡಿ. ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಕಾರ್ಡಿಗೆ ನಂಬರ್ ಹಾಕಿ, ಆದರೆ ಚೀಟಿ ಅಂಟಿಸಬೇಡಿ. ಸ್ಲಾಟಿನ ಬಿಸಿಗೆ ಅಂಟು ಕರಗಿ ಚೀಟಿಯ ಅಂಚು ಸುರುಳಿಯಾದರೆ ಕಾರ್ಡ್ ಒಳಗೇ ಕಚ್ಚಿಕೊಳ್ಳುತ್ತದೆ. ಪರ್ಮನೆಂಟ್ ಮಾರ್ಕರಿನಿಂದ ಬರೆದರೆ ಸಾಕು. ಡಬ್ಬಿಯಲ್ಲಿ ಖಾಲಿ ಕಾರ್ಡಿನ ಹೆಸರಿರುವ ಮುಖ ಮೇಲೆ, ತುಂಬಿದ ಕಾರ್ಡಿನ ಹೆಸರಿರುವ ಮುಖ ಕೆಳಗೆ ಮಾಡಿ ಇಡುವ ರೂಢಿ ಬಿಡಬೇಡಿ.

ಎರಡು ಸ್ಲಾಟಿನ ಬಾಡಿ ಇದ್ದರೆ ಮೆನುವಿನಲ್ಲಿ ಬ್ಯಾಕಪ್ ಎಂದು ಆರಿಸಿ. ಹಲವು ಕ್ಯಾಮೆರಾಗಳು ಕಾರ್ಖಾನೆಯಿಂದ ಬರುವಾಗ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಕ್ರಮದಲ್ಲಿರುತ್ತವೆ. ಎರಡು ಕಾರ್ಡ್ ಇದೆಯೆಂದು ನಂಬಿ ಒಂದೇ ಪ್ರತಿಯಲ್ಲಿ ಕೂತಿರುತ್ತೀರಿ. ಎರಡರಲ್ಲಿ ನಿಧಾನದ ಕಾರ್ಡಿನ ವೇಗಕ್ಕೇ ಕ್ಯಾಮೆರಾ ಇಳಿಯುತ್ತದೆ, ಆದ್ದರಿಂದ ಜೋಡಿ ಒಂದೇ ತರದ್ದಿರಲಿ.

ರಾತ್ರಿಯ ನಕಲು

ದಿನಕ್ಕೆ 400 ರಾ (ಕ್ಯಾಮೆರಾ ಸಂಸ್ಕರಿಸದೆ ಬಿಟ್ಟ) ಚಿತ್ರ, ತಲಾ 30 ಎಂಬಿ ಎಂದರೆ 12 ಜಿಬಿ. ಹತ್ತು ನಿಮಿಷದ 4ಕೆ ವಿಡಿಯೋ 7.5 ಜಿಬಿ. ಅಂದಾಜು ದಿನಕ್ಕೆ 20 ಜಿಬಿ, ಎರಡು ವಾರಕ್ಕೆ 280. ಒಂದು ಟಿಬಿ ಎಸ್‌ಎಸ್‌ಡಿ ಧಾರಾಳ ಸಾಕು. ಸ್ಯಾಮ್‌ಸಂಗ್ ಟಿ7 ಅಂಥದ್ದು 58 ಗ್ರಾಂ. ತಿರುಗುವ ಹಾರ್ಡ್ ಡಿಸ್ಕ್ ಬೇಡ. ಅಗ್ಗವೇ, ಆದರೆ ನಕಲಾಗುತ್ತಿರುವಾಗ ಮಂಚದಿಂದ ಕೆಳಗೆ ಬಿದ್ದರೆ ಕಥೆ ಮುಗಿಯಿತು.

ಲ್ಯಾಪ್‌ಟಾಪ್ ಇಲ್ಲದೆಯೂ ಇದು ನಡೆಯುತ್ತದೆ. ಯುಎಸ್‌ಬಿ-ಸಿ ಫೋನ್, ಕಾರ್ಡ್ ರೀಡರ್ ಇರುವ ಪುಟ್ಟ ಹಬ್, ಎಸ್‌ಎಸ್‌ಡಿ. ಹಬ್‌ಗೆ ಹೊರಗಿನಿಂದ ವಿದ್ಯುತ್ ಕೊಡುವ ಪವರ್ ಡೆಲಿವರಿ ಕಿಂಡಿ ಇರಲೇಬೇಕು. ಫೋನ್ ಒಂದೇ ರೀಡರನ್ನೂ ಎಸ್‌ಎಸ್‌ಡಿಯನ್ನೂ ನಡೆಸಲು ಹೋದರೆ ಶಕ್ತಿ ಸಾಲದೆ ಎಸ್‌ಎಸ್‌ಡಿ ಮಧ್ಯದಲ್ಲೇ ಕಾಣೆಯಾಗುತ್ತದೆ. ಎಸ್‌ಎಸ್‌ಡಿಯನ್ನು ಮನೆಯಲ್ಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ; ಇವು ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಬಗೆಗಳು. ಎನ್‌ಟಿಎಫ್‌ಎಸ್ ಇದ್ದರೆ ಐಫೋನ್ ಅದಕ್ಕೆ ಬರೆಯುವುದಿಲ್ಲ.

ಮೊದಲು ಹಬ್‌ಗೆ ಚಾರ್ಜರ್ ಸಿಕ್ಕಿಸಿ, ಆಮೇಲೆ ಎಸ್‌ಎಸ್‌ಡಿ, ಕೊನೆಗೆ ಕಾರ್ಡ್. ಎಸ್‌ಎಸ್‌ಡಿಯಲ್ಲಿ ದಿನಾಂಕ ಮತ್ತು ಕಾರ್ಡ್ ನಂಬರಿನ ಹೊಸ ಫೋಲ್ಡರ್ ಮಾಡಿ. ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ: ಕ್ಯಾಮೆರಾದ ಫೈಲ್ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ, ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರೆ ಒಂದೇ ಹೆಸರಿನ ಫೈಲ್ ಎರಡೂ ಕಡೆ ಇರಬಹುದು. ಒಂದೇ ಫೋಲ್ಡರಿಗೆ ಸುರಿದು ‘ಬದಲಿಸಲೇ?’ ಎಂಬ ಪ್ರಶ್ನೆಗೆ ನಿದ್ದೆಗಣ್ಣಲ್ಲಿ ಹೌದು ಒತ್ತಿದರೆ ಹಳೆಯದು ಹೋಯಿತು. ಫೈಲ್ಸ್ ಆ್ಯಪ್‌ನಿಂದ ಇಡೀ ಡಿಸಿಐಎಂ (ಕ್ಯಾಮೆರಾ ಚಿತ್ರಗಳನ್ನಿಡುವ) ಫೋಲ್ಡರನ್ನು ನಕಲಿಸಿ, ಗ್ಯಾಲರಿಯ ಮೂಲಕ ಬೇಡ. ಪರದೆ ಆರಿದರೆ ಕೆಲವು ಫೋನುಗಳಲ್ಲಿ ನಕಲು ನಿಂತುಬಿಡುತ್ತದೆ, ಮುಗಿಯುವವರೆಗೆ ಎಚ್ಚರವಿಡಿ.

ಮುಗಿದ ಮೇಲೆ ಎರಡೂ ಕಡೆಯ ಫೈಲ್ ಸಂಖ್ಯೆ, ಒಟ್ಟು ಗಾತ್ರ ಹೋಲಿಸಿ. ಮೊದಲಿನ, ನಡುವಿನ, ಕೊನೆಯ ಚಿತ್ರಗಳನ್ನು ಎಸ್‌ಎಸ್‌ಡಿಯಿಂದಲೇ ತೆರೆದು ದೊಡ್ಡದು ಮಾಡಿ ನೋಡಿ. ಪುಟ್ಟ ಥಂಬ್‌ನೇಲ್ ಸರಿ ಕಂಡರೂ ಒಳಗೆ ಅರ್ಧ ಬೂದು ಪಟ್ಟಿ ಇರಬಹುದು. ಲ್ಯಾಪ್‌ಟಾಪ್ ಇರುವವರು ಟೆರಾಕಾಪಿಯಂಥ ತಂತ್ರಾಂಶದಲ್ಲಿ ವೆರಿಫೈ ಹಾಕಿಕೊಂಡರೆ ಈ ಕೆಲಸ ತಾನೇ ಆಗುತ್ತದೆ. ಇಜೆಕ್ಟ್ ಮಾಡಿಯೇ ಕೇಬಲ್ ತೆಗೆಯಿರಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಅರ್ಧಕ್ಕೆ ನಿಂತ ಬರಹ ಸರಿಪಡಿಸಲು ಇಡುವ ದಾಖಲೆ) ಇಲ್ಲ, ಬರೆಯುವಾಗ ಕಿತ್ತರೆ ಇಡೀ ಡ್ರೈವ್ ಓದಲಾಗದಂತಾಗಬಹುದು.

ಎರಡು ಪ್ರತಿ ಬೇರೆ ಬೇರೆ ಕಡೆ ಇರುವವರೆಗೆ ಕಾರ್ಡ್ ಅಳಿಸಬೇಡಿ. ಸಾಧ್ಯವಾದರೆ ಪ್ರವಾಸ ಮುಗಿಯುವವರೆಗೂ ಅಳಿಸಲೇಬೇಡಿ. ಆಗ ಕಾರ್ಡ್‌ಗಳೇ ಒಂದು ಪ್ರತಿ, ಎಸ್‌ಎಸ್‌ಡಿ ಇನ್ನೊಂದು. ಕ್ಯಾಮೆರಾ ಬ್ಯಾಗಿನಲ್ಲಿ ಎಸ್‌ಎಸ್‌ಡಿ ಇಟ್ಟರೆ ಕಳ್ಳ ಎರಡನ್ನೂ ಒಯ್ಯುತ್ತಾನೆ. ಅದು ಬಟ್ಟೆಯ ಚೀಲದಲ್ಲಿರಲಿ, ತುಂಬಿದ ಕಾರ್ಡ್‌ಗಳು ಮೈಮೇಲೆ. ಇನ್ನು ಕ್ಲೌಡ್: ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ಇದ್ದರೆ 20 ಜಿಬಿ ಏರಲು ಒಂಬತ್ತು ತಾಸು ಬೇಕು. ಆಯ್ದ ನೂರು ಜೆಪೆಗ್ ಚಿತ್ರಗಳಾದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅಷ್ಟನ್ನೇ ಏರಿಸಿ.

ಎರಡನೇ ಬಾಡಿ ಬೇಕೇ?

ಹಣ ಪಡೆದು ಮಾಡುವ ಕೆಲಸ, ಮತ್ತೆ ಸಿಗದ ಮುಹೂರ್ತ, ತಿಂಗಳುಗಟ್ಟಲೆ ಅಲೆದಾಟ ಇದ್ದರೆ ಬೇಕು. ಆಗ ಅದೇ ಮೌಂಟ್, ಅದೇ ಬ್ಯಾಟರಿ ಇರುವ ಬಾಡಿ ಆರಿಸಿ. ಬೇರೆ ಬ್ಯಾಟರಿಯಾದರೆ ಬಿಡಿ ಬ್ಯಾಟರಿ, ಚಾರ್ಜಿಂಗ್ ಎಲ್ಲವೂ ಎರಡೆರಡಾಗುತ್ತದೆ. ಎರಡೂ ಗಡಿಯಾರಗಳನ್ನು ಸೆಕೆಂಡಿಗೆ ಹೊಂದಿಸಿಕೊಳ್ಳಿ, ಇಲ್ಲವಾದರೆ ಆಮೇಲೆ ಚಿತ್ರಗಳ ಕ್ರಮ ಕಲಸುಮೇಲೋಗರ. ಉಳಿದ ಎಲ್ಲರಿಗೂ ಫೋನೇ ಎರಡನೇ ಕ್ಯಾಮೆರಾ. ರಾ ಚಿತ್ರ ತೆಗೆಯುವ ಆ್ಯಪ್ ಹಾಕಿ, 20 ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ.

ಗಾಳಿ ಊದುವ ಬ್ಲೋವರ್, ಎರಡು ಮೈಕ್ರೋಫೈಬರ್ ಬಟ್ಟೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಸಿಲಿಕಾ ಜೆಲ್ ಪೊಟ್ಟಣ ಇಷ್ಟು ಕೂಡಿ 150 ಗ್ರಾಂ ಮೀರುವುದಿಲ್ಲ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮುಂಚೆ ಹೊರಗೇ ಕ್ಯಾಮೆರಾವನ್ನು ಆ ಚೀಲಕ್ಕೆ ಹಾಕಿ ಮುಚ್ಚಿ, ಒಂದು ಗಂಟೆ ಬಿಡಿ. ಇಬ್ಬನಿ ಚೀಲದ ಹೊರಮೈ ಮೇಲೆ ಕೂರುತ್ತದೆ, ಲೆನ್ಸಿನೊಳಗೆ ಅಲ್ಲ. ಎಸಿ ಕೋಣೆಯಿಂದ ಸೆಕೆಯ ಬೀದಿಗೆ ಇಳಿಯುವಾಗಲೂ ಇದೇ ಕ್ರಮ.

ಕಾರ್ಡ್ ಕೈಕೊಟ್ಟರೆ

‘ಕಾರ್ಡ್ ದೋಷ’ ಎಂದು ಪರದೆ ತೋರಿಸಿದ ಕ್ಷಣ ಕ್ಯಾಮೆರಾ ಆರಿಸಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಹೊರತೆಗೆದು, ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ಬೇರೆ ರೀಡರಿನಲ್ಲಿ ನೋಡಿ. ಎಷ್ಟೋ ಸಲ ತಪ್ಪು ರೀಡರಿನದ್ದೇ ಆಗಿರುತ್ತದೆ. ಆಗಲೂ ಕಾಣದಿದ್ದರೆ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ, ಮಾರ್ಕರಿನಿಂದ ಅಡ್ಡಗೀಟು ಹಾಕಿ ಬೇರೆಯಾಗಿ ಇಟ್ಟುಬಿಡಿ. ಅಳಿಸಿದ ಚಿತ್ರಗಳು ಕೂಡ ಮೇಲೆ ಹೊಸದು ಬರೆಯುವವರೆಗೆ ಚಿಪ್ಪಿನಲ್ಲಿ ಉಳಿದಿರುವ ಸಾಧ್ಯತೆ ಇದೆ. ಕಂಪ್ಯೂಟರ್ ಸಿಕ್ಕ ಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಓದಿಸಿ, ಸಿಕ್ಕಿದ ಚಿತ್ರಗಳನ್ನು ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗೆ ಖಂಡಿತ ಅಲ್ಲ. ಫೈಲಿನ ಹಳೆಯ ಹೆಸರುಗಳು ಬರುವುದಿಲ್ಲ. ಚಿತ್ರದೊಳಗಿನ ಎಕ್ಸಿಫ್ (ಕ್ಯಾಮೆರಾ ಬರೆದಿಡುವ ವಿವರ) ಸಮಯ ನೋಡಿ ಜೋಡಿಸಿಕೊಳ್ಳಬೇಕು. ಚಿತ್ರ ಎಲ್ಲ ಮರಳಿ ಬಂದರೂ ಆ ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕಬೇಡಿ.